ನೀರಿನಂಚಿನಲ್ಲಿ ನಿಂತವನು

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಹವಾಲ್ದಾರರಿದ್ದಾರೆ. ಇಪ್ಪತ್ತು ವರ್ಷ ಸೈನ್ಯದ ಲಾರಿ ನಡೆಸಿದವರು. ಯುದ್ಧದ ಕಥೆ ಹೇಳಿರೆಂದರೆ ನಕ್ಕು ಸುಮ್ಮನಾಗುತ್ತಾರೆ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಮಾತ್ರ, ಪತ್ರಿಕೆಯಲ್ಲಿ ನೆರೆಯ ಚಿತ್ರ ನೋಡುತ್ತಿದ್ದವರು ತಾವಾಗಿಯೇ ಒಂದು ಪ್ರಸಂಗವನ್ನು ತೆಗೆದರು.

ಎಂದೋ ಒಂದು ನೆರೆಯಲ್ಲಿ ಅವರ ಲಾರಿ ತಗ್ಗಿನ ಸೇತುವೆಯೊಂದರ ಬಳಿಗೆ ಬಂದಿತ್ತು. ಹಿಂದೆ ಆರು ಮಂದಿ ಜವಾನರು. ಆಚೆಯ ದಂಡೆಯಲ್ಲಿ ಜನ ಮಾಳಿಗೆಗಳ ಮೇಲೆ ನಿಂತು ಕೈ ಬೀಸುತ್ತಿದ್ದರು. ಇವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದು, ಕೋಲಿನಿಂದ ಆಳ ನೋಡಿ, ಮರಳಿ ಬಂದು "ಲಾರಿ ಹೋಗದು" ಎಂದರು. ಮೇಲಧಿಕಾರಿ ಒಪ್ಪಿದರು. ದೋಣಿ ಬರುವುದಕ್ಕೆ ಮೂರು ಗಂಟೆ ಹಿಡಿಯಿತು. ಅಷ್ಟರಲ್ಲಿ ಒಂದು ಮಾಳಿಗೆ ಕುಸಿದಿತ್ತು.

"ಮೇಷ್ಟ್ರೇ, ನಾನು ಮಾಡಿದ್ದು ಸರಿಯೇ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಎತ್ತರದ ಚಕ್ರದ ಆ ದೊಡ್ಡ ಲಾರಿಯನ್ನು ನೀರು ಏನು ಮಾಡೀತು ಎಂದು ನಮಗೆ ತೋರುವುದು ಸಹಜ. ಲೆಕ್ಕ ಬೇರೆಯೇ ಇದೆ. ಒಂದು ಘನ ಮೀಟರ್ ನೀರಿನ ತೂಕ 1000 ಕಿಲೋಗ್ರಾಂ. ಲಾರಿ ಅಷ್ಟು ನೀರನ್ನು ಪಕ್ಕಕ್ಕೆ ಸರಿಸಿತೆಂದರೆ ಅಷ್ಟು ಭಾರ ಅದರ ಚಕ್ರಗಳಿಂದ ಇಳಿದು, ನೆಲದ ಹಿಡಿತ ಸಡಿಲುತ್ತದೆ. ಸೆಳವಿನ ವೇಗ ಎರಡರಷ್ಟಾದರೆ ಅದರ ನೂಕುವ ಬಲ ನಾಲ್ಕರಷ್ಟಾಗುತ್ತದೆ. ಹೋಗುವಾಗ ಖಾಲಿ ಲಾರಿ ಹಗುರವಾಗಿ ತೇಲಬಲ್ಲದು. ಬರುವಾಗ ಜನ ತುಂಬಿದ ಲಾರಿ ಮೇಲ್ಭಾರವಾಗಿ ಮಗುಚಬಲ್ಲದು. ಕೆಸರುನೀರಿನ ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಕಣ್ಣಿಗೆ ಕಾಣದು. 2016ರ ಜೂನ್ 2ರಂದು ಅಮೆರಿಕದ ಟೆಕ್ಸಾಸಿನ ಫೋರ್ಟ್ ಹುಡ್ ನೆಲೆಯಲ್ಲಿ ಮಳೆಯಿಂದ ಉಕ್ಕಿದ ಒಂದು ಹಳ್ಳದಲ್ಲಿ ಸೇನೆಯ ಲಾರಿ ಮಗುಚಿತು. ಅದರಲ್ಲಿದ್ದ 12 ಮಂದಿಯಲ್ಲಿ 9 ಮಂದಿ ಸತ್ತರು. ಅವರು ಯಾರನ್ನೂ ರಕ್ಷಿಸಲು ಹೊರಟಿರಲಿಲ್ಲ. ಅದು ಬರಿಯ ತರಬೇತಿ.

ಕನ್ನಡ ಪಾಠ ಹೇಳುವವನಿಗೆ ಇಲ್ಲಿ ಒಂದು ಪದ ನೆನಪಾಗುತ್ತದೆ. ರನ್ನನ ಗದಾಯುದ್ಧಕ್ಕೆ 'ಸಾಹಸಭೀಮವಿಜಯ' ಎಂಬ ಹೆಸರೂ ಉಂಟು. ಅಲ್ಲಿ ಸಾಹಸವೆಂಬುದು ಹೊಗಳಿಕೆಯ ಮಾತು. ಸಂಸ್ಕೃತದ ಧರ್ಮಶಾಸ್ತ್ರಗಳಲ್ಲಾದರೋ ಅದು ಬಲಾತ್ಕಾರದ ಅಪರಾಧಗಳ ಹೆಸರು. ದುಡುಕೆಂಬ ಅರ್ಥವೂ ಅದಕ್ಕುಂಟು. ಒಂದೇ ಪದದಲ್ಲಿ ವೀರವೂ ಅವಿವೇಕವೂ ಮನೆಮಾಡಿಕೊಂಡಿವೆ.

ಸೈನಿಕ ಪ್ರಾಣವನ್ನು ಪಣವಾಗಿಡಲು ಒಪ್ಪಿದವನಲ್ಲವೇ ಎಂದು ಕೇಳಬಹುದು. ಹೌದು, ತನ್ನ ಪ್ರಾಣವನ್ನು. ಆದರೆ ಚಕ್ರ ಹಿಡಿದವನ ಹಿಂದೆ ಆರು ಮಂದಿ ಕುಳಿತಿದ್ದಾರೆ. ಮರಳುವಾಗ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಹತ್ತುತ್ತಾರೆ. ಅವರಾರೂ ನೀರಿನ ಆಳ ನೋಡಿದವರಲ್ಲ, ಇವನನ್ನು ನಂಬಿದವರು. ಅವರ ಪಾಲಿನ ಧೈರ್ಯವನ್ನು ಇವನೊಬ್ಬನೇ ಮಾಡಿಬಿಡುವಂತಿಲ್ಲ. ಮೇಲಾಗಿ ಲಾರಿ ಮುಳುಗಿದರೆ, ಮಾಳಿಗೆಯತ್ತ ಹೊರಟ ದೋಣಿ ಲಾರಿಯತ್ತ ತಿರುಗಬೇಕಾಗುತ್ತದೆ.

ಇಷ್ಟು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅಳುಕೂ ಇದೇ ಮಾತನ್ನು ಆಡಬಲ್ಲದು. ವಿವೇಕವನ್ನು ಅಳುಕಿನಿಂದ ಬೇರ್ಪಡಿಸುವುದು ಹೇಗೆ? 'ಆಗದು' ಎನ್ನುವ ಮುನ್ನ ಅವನು ನೀರಿಗಿಳಿದನೇ, ಅಂದ ಮೇಲೆ ಅಲ್ಲಿಯೇ ನಿಂತು ಬೇರೆ ದಾರಿ ಹುಡುಕಿದನೇ ಎಂಬುದನ್ನು ನೋಡಬೇಕು. 2018ರ ಆಗಸ್ಟಿನಲ್ಲಿ ಕೇರಳದ ಬೆಸ್ತರು ತಮ್ಮ ಕಡಲದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಒಳನಾಡಿಗೆ ಬಂದರು. ಲಾರಿಯ ಕೆಲಸ ಮುಗಿದಲ್ಲಿ ದೋಣಿಯ ಕೆಲಸ ಮೊದಲಾಯಿತು. ಸಾವಿರಾರು ಜನ ಬದುಕಿದರು.

ಆದರೆ ನಾವು ಪತ್ರಿಕೆಯಲ್ಲಿ ಹುಡುಕುವುದು ನೀರನ್ನು ಸೀಳಿಕೊಂಡು ನುಗ್ಗುವ ಲಾರಿಯ ಚಿತ್ರವನ್ನು. ದಡದಲ್ಲಿ ನಿಂತ ಲಾರಿಯನ್ನು ಯಾರು ಮೆಚ್ಚುತ್ತಾರೆ? ಮನೆಯಲ್ಲಿ ಒಣಬಟ್ಟೆಯುಟ್ಟು ಕಾಫಿ ಕುಡಿಯುವ ನಮ್ಮ ಮೆಚ್ಚುಗೆಯೂ ಚಾಲಕನ ಬೆನ್ನನ್ನು ನೂಕುವ ಒಂದು ಕೈ.

ಮೊನ್ನೆ ಇದೆಲ್ಲವನ್ನೂ ಅವರಿಗೆ ಹೇಳಿ, "ನೀವು ಮಾಡಿದ್ದು ಸರಿ" ಎಂದೆ. ಸರಿಯಾದುದನ್ನು ಮಾಡಿದವನಿಗೆ ನಿದ್ರೆ ಬರಲೇಬೇಕೆಂಬ ನಿಯಮವಿಲ್ಲವೆಂದು ಆಗ ತಿಳಿಯಿತು. ಬಹಳ ಹೊತ್ತು ಸುಮ್ಮನಿದ್ದು ಅವರೆಂದರು: "ಆ ಮಾಳಿಗೆಯ ಮೇಲೆ ಎಷ್ಟು ಜನ ಇದ್ದರೆಂದು ನಾನು ಎಣಿಸಿದ್ದೆ, ಮೇಷ್ಟ್ರೇ."

ಎಷ್ಟೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.