ಪಥ್ಯ ಮುರಿದವರು ಯಾರು?

ಕೈಬೆರಳು ಊದಿಕೊಂಡವನನ್ನು ಕಂಡು ಔಷಧಿ ಹೇಳದೆ ಸುಮ್ಮನೆ ಹೋದವರನ್ನು ನಾನಿನ್ನೂ ನೋಡಿಲ್ಲ. ಮೇಲಿನ ಮನೆಯ ಕಾಕೂ ಮೆಂತ್ಯ ನೆನೆಸಿ ತಿನ್ನಿ ಎಂದರು. ಕಚೇರಿಯ ಗೆಳೆಯರು ಬದನೆಕಾಯಿ ಬಿಡಿ ಎಂದರು. ಧಾರವಾಡದಿಂದ ನಮ್ಮವ್ವ ಲಕ್ಕಿ ಸೊಪ್ಪು ಹಾಕಿ ಕಾಸಿದ ಎಣ್ಣೆಯನ್ನು ಬಾಟಲಿಯಲ್ಲಿ ತುಂಬಿ, ಬಸ್ಸಿನವರ ಕೈಯಲ್ಲಿ ಕೊಟ್ಟು ಕಳಿಸಿದಳು. ಸ್ವಾರಗೇಟಿಗೆ ಹೋಗಿ ಇಳಿಸಿಕೊಂಡು ಬಂದೆ. ಇವರಲ್ಲಿ ಯಾರ ಮಾತಿನಲ್ಲೂ ಕಪಟವಿರಲಿಲ್ಲ.

ನನಗಿರುವುದು ಸೋರಿಯಾಟಿಕ್ ಆರ್ಥ್ರೈಟಿಸ್. ಚರ್ಮದ ಮೇಲೆ ಕೆಂಪು ಮಚ್ಚೆ, ಅದರ ಮೇಲೆ ಬೆಳ್ಳಗಿನ ಹೊಟ್ಟು ಬಂದರೆ ಸೋರಿಯಾಸಿಸ್ ಎನ್ನುತ್ತಾರೆ. ಅದಿರುವವರಲ್ಲಿ ಕೆಲವರಿಗೆ, ಸಾಮಾನ್ಯವಾಗಿ ಕೆಲವು ವರ್ಷ ಕಳೆದ ಮೇಲೆ, ಕೀಲುಗಳೂ ಹಿಡಿಯುತ್ತವೆ. ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿ ಬೀಳುತ್ತವೆ, ಒಂದೊಂದು ಬೆರಳು ಬುಡದಿಂದ ತುದಿಯವರೆಗೆ ಊದುತ್ತದೆ, ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಒಂದು ಸಾಹಸವಾಗುತ್ತದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ದೇಹದ ಮೇಲೆ ಬೀಳುವುದರಿಂದ ಹೀಗಾಗುತ್ತದೆ. ಇದು ಅಂಟುರೋಗವಲ್ಲ. (ಹಾಗಿದ್ದರೂ ಊಟದ ಪಂಕ್ತಿಯಲ್ಲಿ ಒಂದು ಎಲೆಯ ಜಾಗ ಬಿಟ್ಟು ಕೂರುವ ಬಂಧುಗಳಿದ್ದಾರೆ.) ಹತೋಟಿಯಲ್ಲಿಡಬಹುದು, ಬುಡಸಮೇತ ಕೀಳಲಾಗದು ಎಂದರು ಡಾಕ್ಟರು. ವಾರಕ್ಕೊಂದೇ ದಿನ ನುಂಗುವ ಮೆಥೋಟ್ರೆಕ್ಸೇಟ್ ಬರೆದುಕೊಟ್ಟರು.

‘ಕೀಳಲಾಗದು’ ಎಂಬ ಆ ಒಂದು ಮಾತೇ ನನ್ನನ್ನು ಬೇರೆ ಬಾಗಿಲಿಗೆ ಕಳಿಸಿತು. ಅಲ್ಲಿದ್ದವರು ಪೂರ್ತಿ ಗುಣಪಡಿಸುವೆನೆಂದರು. ಗುಳಿಗೆ ನಿಲ್ಲಿಸಿದೆ, ಉಪ್ಪು, ಹುಳಿ, ಮೊಸರು ಬಿಟ್ಟೆ, ಎಳೆಬಿಸಿಲಿಗೆ ಬೆನ್ನು ಕೊಟ್ಟು ಕುಳಿತೆ. ಚರ್ಮ ತಿಳಿಯಾಯಿತು. ಎಂಟು ತಿಂಗಳಾಗುವಷ್ಟರಲ್ಲಿ ಎಡಗೈಯ ಒಂದು ಬೆರಳು ಬಾಗಿ ನಿಂತಿತು, ಅದಿನ್ನು ನೆಟ್ಟಗಾಗುವುದಿಲ್ಲ. ಹೋಗಿ ತೋರಿಸಿದಾಗ ಬಂದ ಉತ್ತರ: “ಎಲ್ಲೋ ಪಥ್ಯ ಮುರಿದಿದ್ದೀರಿ, ನೆನಪು ಮಾಡಿಕೊಳ್ಳಿ.”

ನಾನು ನಿಜವಾಗಿಯೂ ನೆನಪು ಮಾಡಿಕೊಳ್ಳತೊಡಗಿದೆ! ಮಗಳ ಹುಟ್ಟುಹಬ್ಬದ ದಿನ ಅರ್ಧ ಬಟ್ಟಲು ಮೊಸರನ್ನ ತಿಂದದ್ದು ನೆನಪಾಯಿತು. ಅಪರಾಧ ಸಿಕ್ಕಿತೆಂದು ಒಂದು ಬಗೆಯ ಸಮಾಧಾನವೂ ಆಯಿತು. ಈ ಸಮಾಧಾನದ ಬಗೆಗೇ ನನಗೆ ಈಗ ಅನುಮಾನ. ಗುಣವಾದರೆ ಚಿಕಿತ್ಸೆಯ ಮಹಿಮೆ, ಆಗದಿದ್ದರೆ ರೋಗಿಯ ಪಾಪ ಎಂಬ ಲೆಕ್ಕದಲ್ಲಿ ಸೋಲುವವನು ಒಬ್ಬನೇ. ಗುಳಿಗೆ ಕೆಲಸ ಮಾಡದಿದ್ದರೆ ಡಾಕ್ಟರು ಗುಳಿಗೆ ಬದಲಾಯಿಸುತ್ತಾರೆ, ನನ್ನ ನಡತೆಯ ವಿಚಾರಣೆಗೆ ಇಳಿಯುವುದಿಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗಂತೂ ತಪ್ಪು ಹೊರಿಸುವುದು ಸುಲಭ. ಜೋಳದ ರೊಟ್ಟಿ ಬಿಟ್ಟಿರಿ, ಊರ ನೀರು ಬಿಟ್ಟಿರಿ, ಅದಕ್ಕೇ ಹೀಗಾಯಿತು ಎಂದರೆ ಮನಸ್ಸು ಥಟ್ಟನೆ ಒಪ್ಪಿಬಿಡುತ್ತದೆ. ಊರಲ್ಲೇ ಉಳಿದವರಿಗೂ ಈ ರೋಗ ಬರುತ್ತದೆಂಬುದು ಆಗ ಹೊಳೆಯುವುದಿಲ್ಲ.

ಪ್ರಕೃತಿ ಚಿಕಿತ್ಸೆಯ ಮಾತು ಬಂದರೆ ಪುಣೆಯಲ್ಲಿ ಗಾಂಧೀಜಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಇಲ್ಲಿಂದ ಸೊಲ್ಲಾಪುರದ ದಾರಿಯಲ್ಲಿರುವ ಉರುಳಿಕಾಂಚನದಲ್ಲಿ 1946ರಲ್ಲಿ ಹಳ್ಳಿಯ ಬಡವರಿಗಾಗಿ ನಿಸರ್ಗೋಪಚಾರ ಆಶ್ರಮ ತೊಡಗಿಸಿದವರು ಅವರು. 1909ರ ‘ಹಿಂದ್ ಸ್ವರಾಜ್’ನಲ್ಲಿ ಡಾಕ್ಟರರನ್ನೂ ಆಸ್ಪತ್ರೆಗಳನ್ನೂ ಕಟುವಾಗಿ ಟೀಕಿಸಿದವರೂ ಅವರೇ. ಆದರೆ 1924ರ ಜನವರಿ 12ರ ರಾತ್ರಿ, ಯೆರವಡಾ ಜೈಲಿನ ಕೈದಿಯಾಗಿದ್ದಾಗ, ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಅವರ ಕತ್ತರಿಗೆ ಅಪೆಂಡಿಸೈಟಿಸಿನ ಹೊಟ್ಟೆಯನ್ನು ಒಪ್ಪಿಸಿದರು. ನಡುವೆ ದೀಪ ಹೋಗಿ ಲಾಟೀನಿನ ಬೆಳಕಿನಲ್ಲಿ ಕೆಲಸ ಮುಗಿಯಿತು. ಇಪ್ಪತ್ತು ವರ್ಷದ ಮೇಲೆ, ಇದೇ ಊರಿನ ಆಗಾಖಾನ್ ಅರಮನೆಯಲ್ಲಿ, ಸಾವಿನ ಅಂಚಿನಲ್ಲಿದ್ದ ಕಸ್ತೂರಬಾ ಅವರಿಗೆ ಮಗ ದೇವದಾಸ್ ತರಿಸಿದ ಪೆನಿಸಿಲಿನ್ ಚುಚ್ಚುವುದು ಬೇಡವೆಂದರು. 1944ರ ಫೆಬ್ರವರಿ 22ರಂದು ಅವರು ತೀರಿಕೊಂಡರು. ಬದುಕುವ ಆಸೆ ಆಗಲೇ ಕೈಬಿಟ್ಟಿತ್ತು, ಸಾಯುವವಳಿಗೆ ನೋವೇಕೆಂಬ ಕರುಣೆಯೂ ಅದರಲ್ಲಿತ್ತು, ನಿಜ. ಹಾಗಿದ್ದೂ ತನಗಾಗಿ ‘ಹೂಂ’ ಎಂದವರು ಇನ್ನೊಬ್ಬರಿಗಾಗಿ ‘ಬೇಡ’ ಎಂದದ್ದು ನನ್ನನ್ನು ಕಾಡುತ್ತದೆ. ತನ್ನ ದೇಹದ ಮೇಲೆ ನಡೆಸುವ ಪ್ರಯೋಗ ಒಂದು, ಇನ್ನೊಬ್ಬರ ದೇಹದ ಮಾತು ಬೇರೆಯೇ.

ನಾನು ಈಗ ಗುಳಿಗೆಗೆ ಮರಳಿದ್ದೇನೆ. ಅದಕ್ಕೂ ಬೆಲೆಯುಂಟು; ಮರುದಿನ ಹೊಟ್ಟೆ ತೊಳಸುತ್ತದೆ, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಬಿಸಿನೀರಿನ ಸ್ನಾನ, ನಡಿಗೆ, ಮಿತವಾದ ಬಿಸಿಲು ಯಾವುದನ್ನೂ ಬಿಟ್ಟಿಲ್ಲ, ಡಾಕ್ಟರೂ ಬೇಡವೆನ್ನಲಿಲ್ಲ. ಅವ್ವನ ಎಣ್ಣೆಯನ್ನು ರಾತ್ರಿ ಹೆಂಡತಿ ತಿಕ್ಕಿದರೆ ಒಣಗಿದ ಚರ್ಮ ಮೆತ್ತಗಾಗುತ್ತದೆ, ನಿದ್ದೆ ಬರುತ್ತದೆ. ನಿದ್ದೆ ಸಣ್ಣ ಸುಖವಲ್ಲ.

“ಎಣ್ಣಿ ಹಚ್ಚಗೋತೀಯೋ ಇಲ್ಲೋ?” ಎಂದು ಅವ್ವ ಫೋನಿನಲ್ಲಿ ಕೇಳುತ್ತಾಳೆ. “ಹಚ್ಚಗೋತೀನವ್ವಾ, ಕಡಿಮಿ ಆಗೇದ” ಎನ್ನುತ್ತೇನೆ. ಎರಡೂ ನಿಜ. ಕಡಿಮೆಯಾದದ್ದು ಎಣ್ಣೆಯಿಂದ ಎಂದು ನಾನು ಹೇಳಿಲ್ಲ, ಅಲ್ಲವೆಂದೂ ಹೇಳಿಲ್ಲ. ಮುದುಕಿಯ ಮನಸ್ಸು ನೋಯಿಸಬಾರದೆಂದು ಇಷ್ಟು ದಿನ ಸುಮ್ಮನಿದ್ದೆ. ಆದರೆ ಈಗ ಅತ್ತೆಯ ಮಗಳಿಗೂ ಬೆರಳು ಊದಿದೆಯಂತೆ. ಅವ್ವ ನನ್ನದೇ ಉದಾಹರಣೆ ಹೇಳಿ ಅವಳಿಗೂ ಎಣ್ಣೆ ಕಾಸಿ ಕೊಟ್ಟಿದ್ದಾಳೆ, ದವಾಖಾನೆಗೆ ಹೋಗುವುದು ಬೇಡ ಎಂದಿದ್ದಾಳೆ. ನಾಳಿನ ರಾತ್ರಿಯ ಬಸ್ಸಿಗೆ ಟಿಕೆಟು ತೆಗೆಸಿದ್ದೇನೆ. ಡಾಕ್ಟರ ಚೀಟಿಯನ್ನು ಚೀಲದಲ್ಲಿಟ್ಟುಕೊಂಡಿದ್ದೇನೆ. ಅವ್ವನೆದುರು ಮಾತು ಹೇಗೆ ತೆಗೆಯಬೇಕೆಂಬುದು ಮಾತ್ರ ಇನ್ನೂ ಹೊಳೆದಿಲ್ಲ.