ಪಿತ್ತವೂ ಪಾಪವೂ

ಗದಗ-ಬೆಟಗೇರಿಯ ಓಣಿಗಳಲ್ಲಾಗಲಿ, ಮುಂಡರಗಿಯ ಹಳ್ಳಿಗಳಲ್ಲಾಗಲಿ, ಅರ್ಬುದರೋಗ, ಅಂದರೆ ಕ್ಯಾನ್ಸರ್, ಎಂದು ವೈದ್ಯರು ತಿಳಿಸಿದ ಮರುಗಳಿಗೆಯೇ ರೋಗಿಯ ಬಾಯಿಂದ ಹೊರಡುವ ಮಾತು ಔಷಧದ ವಿಚಾರವಾಗಿರದೆ, “ಯಾವ ಜನ್ಮದಾಗ ಏನ್ ಪಾಪ ಮಾಡಿದ್ನೋ” ಎಂಬ ನಿಟ್ಟುಸಿರಾಗಿರುವುದನ್ನು ಅನೇಕ ಸಲ ಕೇಳಿ ನೊಂದಿದ್ದೇನೆ. ದೇಹದ ಯಾತನೆಗೆ ಆತ್ಮನಿಂದೆಯ ಯಾತನೆಯನ್ನೂ ಕೂಡಿಸುವ ಈ ಭಾವನೆ ಯುಕ್ತವೇ? ನಮ್ಮ ಶರೀರದಲ್ಲೇ ಹುಟ್ಟುವ ಪಿತ್ತರಸವನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸಬೇಕೆನಿಸಿದೆ.

ಸಿಟ್ಟಾದವನಿಗೆ ಪಿತ್ತ ನೆತ್ತಿಗೇರಿತೆನ್ನುವ ನಮಗೆ, ಔಷಧೀಯ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡದ ನೆರೆಯವರಿಗೆ, ಪಿತ್ತವೆಂಬ ಶಬ್ದ ಹೊಸದಲ್ಲ. ಆಯುರ್ವೇದದ ಪಿತ್ತವು ಐದು ವಿಧದ್ದು, ಹೃದಯದಲ್ಲಿ ನೆಲೆಸಿ ಬುದ್ಧಿಯನ್ನು ನಡೆಸುವ ಸಾಧಕಪಿತ್ತವನ್ನೂ ಒಳಗೊಂಡದ್ದು. ಅದನ್ನೂ ಇಂದಿನ ವೈದ್ಯರ ಪಿತ್ತರಸವನ್ನೂ ಒಂದೆನ್ನಲಾಗದು. ಇಲ್ಲಿ ಹೇಳುತ್ತಿರುವುದು ಎರಡನೆಯದನ್ನು. ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತಾಮ್ಲಗಳನ್ನು ನಿರ್ಮಿಸುತ್ತದೆ. ಸಾಬೂನು ಬಟ್ಟೆಯ ಜಿಡ್ಡನ್ನು ಬಿಡಿಸುವಂತೆ ಅವು ನಾವುಂಡ ಜಿಡ್ಡನ್ನು ಸೂಕ್ಷ್ಮಕಣಗಳಾಗಿ ಒಡೆದು, ನೂರಕ್ಕೆ ಸುಮಾರು 95 ಪಾಲು ಸಣ್ಣಕರುಳಿನ ತುದಿಯಿಂದ ಯಕೃತ್ತಿಗೇ ಮರಳುತ್ತವೆ. ದೊಡ್ಡಕರುಳಿಗೆ ಜಾರಿದ ಅಲ್ಪಭಾಗದಿಂದ ಅಲ್ಲಿಯ ಸೂಕ್ಷ್ಮಜೀವಿಗಳು ಡಿಆಕ್ಸಿಕೋಲಿಕ್ ಆಮ್ಲವನ್ನು ಮಾಡುತ್ತವೆ. ಅದು ಮಿತಿಮೀರಿ ಬಹುಕಾಲ ನಿಂತಲ್ಲಿ, ಜಿಡ್ಡನ್ನು ಕರಗಿಸುವ ಅದೇ ಗುಣವು ಮುಖ್ಯವಾಗಿ ಜಿಡ್ಡಿನಿಂದಲೇ ಆದ ಜೀವಕೋಶದ ಪೊರೆಯನ್ನು ಕದಡುತ್ತದೆ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಕರುಳಿನ ಅರ್ಬುದಕೋಶಗಳಿಗೆ ಅದನ್ನು ಸೋಕಿಸಿದಾಗ, ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನು ಚುರುಕುಗೊಂಡು, ಆ ಕೋಶಗಳು ತಮ್ಮ ಎಲ್ಲೆಯನ್ನು ಭೇದಿಸಿ ನೆರೆಯ ಅಂಗಾಂಶಕ್ಕೆ ನುಗ್ಗುವ ಶಕ್ತಿ ಹೆಚ್ಚಿದುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಆದರೆ ಇದೇ ಕುಲದ ಅರ್ಸೋಡಿಆಕ್ಸಿಕೋಲಿಕ್ ಆಮ್ಲವನ್ನು ವೈದ್ಯರು ಯಕೃತ್ತಿನ ಕೆಲವು ರೋಗಗಳಿಗೆ ಔಷಧವಾಗಿ ಕೊಡುತ್ತಾರೆ. ಯಕೃತ್ತೇ ನಿರ್ಮಿಸುವ ಕೀನೋಡಿಆಕ್ಸಿಕೋಲಿಕ್ ಆಮ್ಲಕ್ಕೂ ಇದಕ್ಕೂ ಇರುವ ಭೇದವು ಒಂದೇ ಒಂದು ಹೈಡ್ರಾಕ್ಸಿಲ್ ಗುಂಪು ಮುಖಮಾಡಿದ ದಿಕ್ಕು ಮಾತ್ರ.

ಇದರಲ್ಲಿ ಪಾಪವೆಲ್ಲಿ ಬಂತು? ಅನ್ನವನ್ನು ಅರಗಿಸುವ ಗುಣವೂ ಕೋಶವನ್ನು ಕೆಡಿಸುವ ಗುಣವೂ ಬೇರೆಯಲ್ಲ. ಸ್ಥಾನವೂ ಪ್ರಮಾಣವೂ ಕಾಲವೂ ಬೇರೆ. ಜಿಡ್ಡಿನೂಟ ಹೆಚ್ಚಿದರೆ ಪಿತ್ತಾಮ್ಲವೂ ಹೆಚ್ಚುವುದರಿಂದ ಉಂಡವನದೇ ದೋಷವಲ್ಲವೇ ಎಂದು ಯಾರಾದರೂ ಕೇಳಬಹುದು. ಆಹಾರದಲ್ಲಿ ಎಚ್ಚರ ಬೇಕು, ನಿಜ. ಆದರೆ ಒಂದೇ ಪಂಕ್ತಿಯಲ್ಲಿ ಉಂಡ ಹತ್ತು ಮಂದಿಯಲ್ಲಿ ಒಬ್ಬನಿಗೆ ರೋಗ ಬಂದು ಒಂಬತ್ತು ಮಂದಿಗೆ ಬಾರದಿರುವಾಗ, ವಯಸ್ಸೂ ವಂಶವೂ ಇತರ ಕಾರಣಗಳೂ ಸೇರಿ ಒದಗಿಸಿದುದನ್ನು ಆ ಒಬ್ಬನ ಅಪರಾಧವೆನ್ನುವುದು ನ್ಯಾಯವಲ್ಲ.

ಕರ್ಮಸಿದ್ಧಾಂತವನ್ನು ನಾನು ಅಲ್ಲಗಳೆಯುತ್ತಿಲ್ಲ. ಪುಲಿಗೆರೆಯೆಂಬ ಪ್ರಾಚೀನ ನಾಮದ ಲಕ್ಷ್ಮೇಶ್ವರದಲ್ಲಿ, ಶಂಖಬಸದಿಯ ನೆರಳಿನಲ್ಲಿ, ಶತಮಾನಗಳ ಕಾಲ ನೆಲೆಸಿದ್ದ ಜೈನದರ್ಶನವು ಕರ್ಮವನ್ನು ಪುದ್ಗಲವೆಂದೇ, ಜೀವಕ್ಕೆ ಅಂಟುವ ದ್ರವ್ಯವೆಂದೇ ಎಣಿಸಿತು, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳೇ ಅದನ್ನು ಅಂಟಿಸುತ್ತವೆಂದಿತು, ವೇದನೆಯೂ ಕರ್ಮಫಲವೆಂದಿತು. ಕರ್ಮವನ್ನು ಇಷ್ಟು ಕಠಿನವಾಗಿ ಲೆಕ್ಕವಿಟ್ಟ ಆ ಧರ್ಮವೇ ಆಹಾರ, ಅಭಯ, ಶಾಸ್ತ್ರಗಳೊಡನೆ ಔಷಧವನ್ನೂ ಚತುರ್ವಿಧ ದಾನಗಳಲ್ಲಿ ಸೇರಿಸಿತೆಂಬುದನ್ನು ನಾವು ಮರೆತಿದ್ದೇವೆ. ಆಯುರ್ವೇದದ ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಆಯುಸ್ಸು ಪೂರ್ವನಿಯತವೇ ಎಂದು ಶಿಷ್ಯ ಅಗ್ನಿವೇಶನು ಕೇಳಿದಾಗ, ಗುರು ಆತ್ರೇಯನು ದೈವದೊಡನೆ ಪುರುಷಕಾರವನ್ನೂ, ಅಂದರೆ ಮನುಷ್ಯಪ್ರಯತ್ನವನ್ನೂ, ನಿಲ್ಲಿಸಿ, ಎಲ್ಲವೂ ನಿಯತವಾಗಿದ್ದರೆ ಔಷಧಕ್ಕೆ ಅರ್ಥವೇ ಇರದೆಂದು ಉತ್ತರಿಸಿದನು. ರೋಗಿಯ ಹಾಸಿಗೆಯ ಬಳಿ ಪೂರ್ವಜನ್ಮದ ಲೆಕ್ಕ ತೆಗೆಯುವುದಕ್ಕೆ ಈ ಎರಡು ಪರಂಪರೆಗಳಲ್ಲಿ ಯಾವುದೂ ನಮಗೆ ಅಪ್ಪಣೆ ಕೊಟ್ಟಿಲ್ಲ.

ಶಿರಹಟ್ಟಿಯ ಫಕೀರೇಶ್ವರನ ಗದ್ದುಗೆಗೆ ಹಿಂದೂ ಮುಸಲ್ಮಾನರೆನ್ನದೆ ನಡೆದುಕೊಳ್ಳುವ ನಮ್ಮ ಜನಕ್ಕೆ ಹಿರಿಯರ ಒಂದು ಮಾತು ವೈದ್ಯರ ಹತ್ತು ಮಾತಿಗಿಂತ ಭಾರವಾದುದು. ಆದುದರಿಂದ ಹಿರಿಯರಲ್ಲಿ ನನ್ನ ಬೇಡಿಕೆಯಿಷ್ಟೆ: ಹರಕೆ ಹೊರುವವರು ಹೊರಲಿ, ಆದರೆ ಮಲದಲ್ಲಿ ರಕ್ತ ಕಂಡವರು ನಾಚಿಕೆಯಿಂದಲೋ ಪಾಪಭೀತಿಯಿಂದಲೋ ಅದನ್ನು ಮುಚ್ಚಿಟ್ಟುಕೊಳ್ಳದಂತೆ, ಆ ವಾರವೇ ಗದಗಿನ ವೈದ್ಯರಲ್ಲಿಗೋ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವಂತೆ, ನೀವೇ ಕೈಹಿಡಿದು ಕಳುಹಿಸಿರಿ.