ಗುಳಿಗೆಯೋ, ಸಹವಾಸವೋ?

ಗಂಡನನ್ನು ಮಣ್ಣಿಗೊಪ್ಪಿಸಿದ ಕದ್ವಾಡದ ವಿಧವೆಯೊಬ್ಬಳು ನಿದ್ರೆಗಾಣದೆ ಕಾರವಾರದ ವೈದ್ಯನ ಬಳಿಗೆ ಹೋದರೆ, ಅವನು ಗುಳಿಗೆಯನ್ನು ಕೊಡಬೇಕೋ, ನೆರೆಯವರ ಸಹವಾಸವನ್ನು ವಿಧಿಸಬೇಕೋ?

ದುಃಖವೆಲ್ಲಾ ರೋಗವಲ್ಲ. ಬರೇ ವಿಯೋಗದುಃಖಕ್ಕೆ ಮಂಪರಿನ ಗುಳಿಗೆಗಳನ್ನು ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ತಿಳಿಸಿತು. ಇಂಗ್ಲೆಂಡಿನಲ್ಲಿ 2019ರಿಂದ, ಒಂಟಿಗರನ್ನು ತೋಟಗೆಲಸ, ಗಾಯನಕೂಟ ಮುಂತಾದವುಗಳಲ್ಲಿ ಸೇರಿಸುವ ಸಹಾಯಕರು ವೈದ್ಯರ ಜೊತೆಗೆ ನೇಮಿಸಲ್ಪಟ್ಟಿದ್ದಾರೆ.

ಆದಾಗ್ಯೂ ಮನೋವ್ಯಾಧಿಯು ಬಲಿತವನಿಗೆ ಔಷಧವನ್ನು ತಡೆಯುವದು ಕ್ರೂರತನವೇ ಸರಿ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಆರೋಗ್ಯಕೇಂದ್ರಗಳ ವೈದ್ಯರಿಗೆ ತರಬೇತು ಕೊಟ್ಟು, ಅಂಥ ಔಷಧವನ್ನು ಬಡವರ ಸಮೀಪಕ್ಕೆ ತಂದರು. ಪ್ರಾರ್ಥನೆಯೇ ಸಾಕು, ಗುಳಿಗೆಯನ್ನು ಬಿಡು ಎನ್ನುವವನು ವೈದ್ಯನೂ ಅಲ್ಲ, ಒಳ್ಳೇ ಕುರುಬನೂ ಅಲ್ಲ.

ಸಮಾರ್ಯದವನನ್ನು ನೋಡಿರಿ. ಅವನು ಗಾಯಕ್ಕೆ ಎಣ್ಣೆ ಹೊಯ್ದು ಸುಮ್ಮನಾಗಲಿಲ್ಲ, ಛತ್ರದಲ್ಲಿ ಆರೈಕೆಯನ್ನೂ ಮಾಡಿದನು. ಆರೈಕೆಯುಂಟೆಂದು ಎಣ್ಣೆಯನ್ನು ಬಿಡಲೂ ಇಲ್ಲ. ಯಾವದು ಯಾರಿಗೆ ಎಷ್ಟು ಎಂಬದನ್ನು ವಿವೇಚಿಸುವದು ವೈದ್ಯನ ಕೆಲಸ.

ನಮ್ಮ ಕೆಲಸವೋ ಬೇರೆ. ಗುಳಿಗೆಯು ಔಷಧದಂಗಡಿಯಲ್ಲಿ ಸಿಕ್ಕುವದು. ಸಹವಾಸವು ನಮ್ಮ ಜಗಲಿಯಲ್ಲಿಯೇ ಸಿಕ್ಕಬೇಕು. ವೈದ್ಯನು ಅದನ್ನು ವಿಧಿಸಿ ಕಳುಹಿಸಿದಾಗ ನಮ್ಮ ಬಾಗಲು ಮುಚ್ಚಿದ್ದರೆ, ಅವನ ಚೀಟಿಯು ಬರೀ ಕಾಗದವಾಗುವದು. ಆಮೇಲೆ ಅವನು ಗುಳಿಗೆಯನ್ನೇ ಕೊಟ್ಟರೆ ತಪ್ಪು ಯಾರದು?